ಬಾಣಂತಿ ಕೋಣೆಯ ಕಬ್ಬಿಣ

ತಡಸದ ಶಾಕೀರಾಗೆ ಹೆದರಿಕೆ ಎಂದರೇನೆಂದು ಗೊತ್ತಿಲ್ಲ ಎಂಬುದು ಊರವರ ಮಾತಾಗಿತ್ತು. ಹತ್ತಿ ಹೊಲದಲ್ಲಿ ಕಾಲಿಗೆ ಅಡ್ಡ ಬಂದ ನಾಗರಹಾವನ್ನು ಕೈಯಲ್ಲಿದ್ದ ಕುರ್ಪಿಯಿಂದಲೇ ಕಡಿದು, ಅದಿನ್ನೂ ಹೊರಳಾಡುತ್ತಿರುವಾಗಲೇ ಮತ್ತೆ ಕಳೆ ಕೀಳಲು ಕುಳಿತವಳು. ಅಣ್ಣ ಬಾಬಾಜಾನನಿಗೆ ಜ್ವರ ಬಂದರೆ ತಾನೇ ಬಂಡಿ ಹೂಡಿಕೊಂಡು ಹೋಗುತ್ತಿದ್ದವಳು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಒಲೆ, ಹಿತ್ತಲು, ಎಮ್ಮೆ ಎಲ್ಲ ಅವಳ ಪಾಲಿಗೇ ಬಿದ್ದಿದ್ದವು. ೧೯೭೭ರಲ್ಲಿ ಸವಣೂರಿನ ಹಯಾತನಿಗೆ ಅವಳನ್ನು ನಿಕಾಹ್ ಮಾಡಿಕೊಟ್ಟಾಗ ತಡಸದ ಹೆಂಗಸರು, "ಪಾಪ, ಹುಡುಗ ಬಾಳ್ವಿ ಮಾಡ್ತಾನೋ ಓಡಿ ಹೋಗ್ತಾನೋ" ಎಂದು ನಕ್ಕಿದ್ದರು.

ಹಯಾತ ಎಲೆ ವ್ಯಾಪಾರಿ. ಸವಣೂರಿನ ತೋಟಗಳ ವೀಳ್ಯದೆಲೆಯನ್ನು ಬುಟ್ಟಿ ಕಟ್ಟಿ ಯಲವಿಗಿ ಸ್ಟೇಶನ್ನಿಗೆ ಸಾಗಿಸಿ ರೈಲಿಗೆ ಹಾಕುವುದು ಅವನ ಕಸುಬು. ಕೆಟ್ಟವನೇನಲ್ಲ. ಆದರೆ ತಾಯಿ ಇಮಾಮಬಿ ಒಂದು ಮಾತು ಆಡಿದ ಮೇಲೆ ತನ್ನದೂ ಒಂದು ಮಾತು ಇರಬಹುದೆಂದು ಅವನಿಗೆ ಹೊಳೆಯುತ್ತಿರಲಿಲ್ಲ. ಬೇಗ ವಿಧವೆಯಾಗಿ ಒಬ್ಬನೇ ಮಗನನ್ನು ಸಾಕಿದ ಇಮಾಮಬಿಯ ಮನೆಯಲ್ಲಿ ಅವಳದೇ ಕಾನೂನು, ಅವಳದೇ ಕೋರ್ಟು.

ಶಾಕೀರಾಗೆ ತವರಲ್ಲಿ ತಾಯಿಯಿಲ್ಲವಾದ್ದರಿಂದ ಚೊಚ್ಚಲ ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಮಗು, ಮಾಸೂಮಾ ಎಂದು ಹೆಸರಿಟ್ಟರು. ಮುಂದಿನ ನಲವತ್ತು ದಿನ ಚಿಲ್ಲಾ. ಅಂದರೆ ಬಾಣಂತಿ ಕೋಣೆ ದಾಟುವಂತಿಲ್ಲ. ಇದ್ದ ಒಂದು ಕಿಟಕಿಗೆ ಗೋಣಿತಾಟು ಕಟ್ಟಿದರು, ಮೂಲೆಯಲ್ಲಿ ಲೋಬಾನದ ಹೊಗೆ ಹಾಕಿದರು. ತಲೆದಿಂಬಿನ ಕೆಳಗೆ ಇಮಾಮಬಿ ಒಂದು ಛೂರಿ ಇಟ್ಟಳು. ಬಕ್ರೀದಿಗಷ್ಟೇ ಹೊರಗೆ ಬರುವ ಉದ್ದನೆಯ ಛೂರಿ. ಕಬ್ಬಿಣ ಇದ್ದಲ್ಲಿ ತಾಯಿಗೂ ಕೂಸಿಗೂ ಗಾಳಿ ಸೋಂಕುವುದಿಲ್ಲ. ಪಕ್ಕದ ಓಣಿಯ ಹಿಂದೂಗಳು ಕುಡುಗೋಲು ಇಡುತ್ತಾರೆ, ಇವರು ಛೂರಿ ಇಡುತ್ತಾರೆ. ಈ ಒಂದು ವಿಷಯದಲ್ಲಿ ಸವಣೂರಿನಲ್ಲಿ ಯಾರಿಗೂ ಜಗಳವಿಲ್ಲ.

ಆರನೆಯ ದಿನದ ಛಟ್ಟಿ ಶಾಸ್ತ್ರ ಕಳೆದ ಮರುದಿನ ಬೆಳಿಗ್ಗೆ ಶಾಕೀರಾ ಹಾಲು ಕುಡಿಸುತ್ತಿದ್ದಳು. ಮಗು ಚಪ್ಪರಿಸುತ್ತಿತ್ತು, ಎಳೆಯ ಕುತ್ತಿಗೆ ಮಿಡುಕುತ್ತಿತ್ತು. ಇದ್ದಕ್ಕಿದ್ದಂತೆ ಕಣ್ಣ ಮುಂದೆ ತನ್ನದೇ ಕೈ ದಿಂಬಿನ ಕೆಳಗೆ ಹೋಯಿತು. ಛೂರಿ ಎತ್ತಿತು. ಆ ಕುತ್ತಿಗೆಯ ಮೇಲೆ ಎಳೆಯಿತು. ರಕ್ತ ಗೋಡೆಗೆ ಚಿಮ್ಮಿದ್ದನ್ನೂ ಕಂಡಳು. ಅವಳು ಮಗುವನ್ನು ಹಾಸಿಗೆಯ ಮೇಲೆ ಬಿಟ್ಟು ಗೋಡೆಗೆ ಒರಗಿ, ಎರಡೂ ಅಂಗೈಗಳ ಮೇಲೆ ಕುಳಿತುಬಿಟ್ಟಳು. ಕೈ ಎಲ್ಲಿಗೂ ಹೋಗಿರಲಿಲ್ಲ. ಮಗು ಹಸಿವೆಗೆ ಚೀರುತ್ತಿತ್ತು, ಎದೆಯಿಂದ ಹಾಲು ಸೋರಿ ರವಿಕೆ ಒದ್ದೆಯಾಗುತ್ತಿತ್ತು. ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ.

ಅಂದಿನಿಂದ ಅದು ದಿನಾ ಬಂತು. ಮಗುವಿಗೆ ಎಣ್ಣೆ ಹಚ್ಚುವಾಗ, ಕುಂಚಿಗೆ ಕಟ್ಟುವಾಗ. ಹಾವನ್ನೇ ಕಡಿದು ಹಾಕಿದ ಹೆಣ್ಣುಮಗಳು ತನ್ನ ಹತ್ತು ಬೆರಳಿಗೆ ಹೆದರತೊಡಗಿದಳು. ಹೇಳುವುದಾದರೂ ಯಾರಿಗೆ? ಹೆತ್ತ ಕೂಸಿನ ಕುತ್ತಿಗೆ ಕೊಯ್ಯುವುದು ಕಾಣುತ್ತದೆ ಎಂದರೆ ಯಾರು ತಾನೇ ತಾಯಿ ಅನ್ನುತ್ತಾರೆ? ಅವಳಿಗೆ ತೋಚಿದ್ದು ಒಂದೇ. ಕಾಲಿನಿಂದ ಛೂರಿಯನ್ನು ದಬ್ಬಿ ಜೋಳದ ಚೀಲದ ಹಿಂದೆ ಹಾಕಿದಳು.

ಇಮಾಮಬಿ ಹುಡುಕಿ ತೆಗೆದು ಮತ್ತೆ ದಿಂಬಿನ ಕೆಳಗಿಟ್ಟಳು. ಮರುದಿನ ಅದು ಮತ್ತೆ ಚೀಲದ ಹಿಂದೆ. ಮೂರನೆಯ ಸಲ ಸೊಸೆ ಛೂರಿ ಕಂಡ ಕೂಡಲೇ ಕಿರುಚಿ ಮುಖ ಮುಚ್ಚಿಕೊಂಡಳು.

"ಕಬ್ಬಣ ಕಂಡ್ರ ಹಿಂಗ ಆಗ್ತೈತಿ ಅಂದ್ರ ಒಳಗ ಯಾವದೋ ಹೊಕ್ಕೈತಿ," ಎಂದು ಇಮಾಮಬಿ ಮಗನಿಗೆ ಹೇಳಿದಳು. "ಇನ್ನೂ ಕಬ್ಬಣ ಬೇಕು."

ಬಂತು. ಹೊಸ್ತಿಲಿಗೆ ಕುಡುಗೋಲು, ಮಂಚದ ಕೆಳಗೆ ಕೊಡಲಿ, ತೊಟ್ಟಿಲ ಹಗ್ಗಕ್ಕೆ ಕತ್ತರಿ. ಯಾವುದನ್ನು ಕಂಡು ಆ ಹೆಣ್ಣುಮಗಳ ಜೀವ ಹಾರುತ್ತಿತ್ತೋ ಅದನ್ನೇ ತಂದು ಅವಳ ಸುತ್ತ ಒಟ್ಟಿದರು. ಪ್ರೀತಿಯಿಂದಲೇ ಒಟ್ಟಿದರು ಎಂಬುದನ್ನು ನೆನೆದರೆ ಮೈ ಇನ್ನಷ್ಟು ಉರಿಯುತ್ತದೆ.

ಅವಳು ಹಾಲು ಕುಡಿಸುವುದನ್ನು ನಿಲ್ಲಿಸಿದಾಗ ಹಯಾತ ಮೊದಲ ಸಲ ಹೊಡೆದ. ಕೆನ್ನೆಗೆ ಒಂದು, ಬೆನ್ನಿಗೆ ನಾಲ್ಕಾರು. ಹೊಡೆದು ಹೊರಗೆ ಹೋಗಿ ತಾನೂ ಅತ್ತ. ಅತ್ತರೇನು ಬಂತು? ಏಟು ಅವಳ ಬೆನ್ನ ಮೇಲೇ ಉಳಿಯಿತು. ಆಮೇಲೆ ಹಾನಗಲ್ಲ ಕಡೆಯ ಪೀರಸಾಬ ಎಂಬ ಗಾಳಿ ಬಿಡಿಸುವವನನ್ನು ಕರೆತಂದರು. ಅವನು ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು, ಅವಳ ಜಡೆ ಹಿಡಿದು ಮುಖವನ್ನು ಹೊಗೆಗೆ ಒತ್ತಿದ. ಕೈಯಲ್ಲಿ ಹಸಿ ಹುಣಸೆ ಕೋಲು.

"ಯಾರ ನೀ? ಹೇಳು!"

"ನಾ ಶಾಕೀರಾರಿ. ತಡಸದಾಕಿ."

ನಿಜ ಹೇಳಿದ್ದಕ್ಕೆ ಏಟು ಬಿತ್ತು. ಮತ್ತೆ ಕೇಳಿದ. ಮತ್ತೆ ಅದೇ ಉತ್ತರ, ಮತ್ತೆ ಏಟು. ಬೆನ್ನಿನ ಚರ್ಮ ಒಡೆದು ಕುಪ್ಪಸ ಅಂಟಿಕೊಂಡಾಗ ಶಾಕೀರಾ, ತಡಸದ ಕೆರೆಯಲ್ಲಿ ಎಂದೋ ಮುಳುಗಿ ಸತ್ತ ಒಬ್ಬಳ ಹೆಸರು ಹೇಳಿಬಿಟ್ಟಳು. ಪೀರಸಾಬ ಕೋಲು ಕೆಳಗಿಟ್ಟು ಬೆವರು ಒರೆಸಿಕೊಂಡ. ನೆರೆದವರೆಲ್ಲ, ನೋಡಿದಿರಾ, ಕೊನೆಗೂ ಬಾಯಿ ಬಿಟ್ಟಿತು ಅಂದರು.

ಅವನು ಹೇಳಿದ ಉಪಾಯ ಕೇಳಿ. ಕಬ್ಬಿಣ ದಿಂಬಿನ ಕೆಳಗಿದ್ದರೆ ಸಾಲದು, ಮೈಗೆ ತಾಗಿರಬೇಕು. ಹೀಗೆಂದು ಛೂರಿಯ ಹಿಡಿಯನ್ನು ಅವಳ ಬಲಗೈಯಲ್ಲಿ ಹಿಡಿಸಿ, ಮುಂಗೈವರೆಗೆ ಹಸಿರು ಬಟ್ಟೆ ಸುತ್ತಿ ಗಂಟು ಹಾಕಿದ. ತಾಯಿಯ ಬಿಸುಪು ಬೇಕೆಂದು ಇಮಾಮಬಿ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದಳು. ಹೊರಗಿನಿಂದ ಚಿಲಕ ಹಾಕಿದರು.

ಉರಿಬಿಸಿಲಿನ ಮಧ್ಯಾಹ್ನ. ಕೋಣೆಯಲ್ಲಿ ಅವಳು, ಮಗು, ಕೈಗೇ ಕಟ್ಟಿದ ಛೂರಿ. ಎಡಗೈಯಿಂದ, ಹಲ್ಲಿನಿಂದ ಗಂಟು ಜಗ್ಗಿದಳು, ಬಿಚ್ಚಲಿಲ್ಲ. ಮಗು ಕೈಕಾಲು ಬಡಿಯುತ್ತ ಅವಳ ಕಡೆಗೇ ಸರಿಯುತ್ತಿತ್ತು. ಕೂಗಿದಳು. ಹೊರಗೆ ಪೀರಸಾಬನ ದನಿ, "ಕೂಗ್ಲಿ, ಕೂಗೂದು ಆಕಿ ಅಲ್ಲ" ಅಂದಿತು. ಆಗ ಅವಳಿಗೆ ಅರ್ಥವಾಯಿತು: ಕೂಗಿಗೆ ಈ ಮನೆಯಲ್ಲಿ ಬೆಲೆಯಿಲ್ಲ, ರಕ್ತಕ್ಕೆ ಇರಬಹುದು. ಎಡಗೈಯನ್ನು ನೆಲಕ್ಕೆ ಊರಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಛೂರಿ ಎಳೆದಳು. ರಕ್ತ ಬಾಗಿಲ ಸಂದಿಯಿಂದ ಪಡಸಾಲೆಗೆ ಹರಿಯಿತು. ಚಿಲಕ ತೆಗೆದರು.

ಒಳಗೆ ಬಂದವರು ಕಂಡದ್ದು ರಕ್ತದಲ್ಲಿ ತೊಯ್ದ ಮಗುವಿನ ಬಟ್ಟೆ. "ಕೂಸಿನ್ನ ಕೊಂದ್ಲು!" ಎಂದು ಇಮಾಮಬಿ ಎದೆ ಬಡಿದುಕೊಂಡಳು. ಹಯಾತ ಹೆಂಡತಿಯನ್ನು ಒದ್ದ. ನೆಲಕ್ಕೆ ಬಿದ್ದ ಮೇಲೂ ಒದ್ದ. ಮಗುವಿನ ಮೈಯಲ್ಲಿ ಒಂದು ಗೀರೂ ಇಲ್ಲವೆಂದು ಗೊತ್ತಾಗುವ ಹೊತ್ತಿಗೆ ಶಾಕೀರಾಗೆ ಎಚ್ಚರ ತಪ್ಪಿತ್ತು.

ಸುದ್ದಿ ಬಸ್ಸಿನವರ ಬಾಯಲ್ಲಿ ತಡಸ ಮುಟ್ಟಿತು. ಬಾಬಾಜಾನ ಬಾಡಿಗೆ ಜೀಪಿನಲ್ಲಿ ಬಂದಿಳಿದವನೇ ಮಾತಿಗೆ ನಿಲ್ಲಲಿಲ್ಲ. ಬಂಡಿಯ ಗೂಟದಿಂದ ಹಯಾತನ ಬಾಯಿಗೆ ಹೊಡೆದ, ಮುಂದಿನ ಹಲ್ಲುಗಳು ಓಣಿಯಲ್ಲಿ ಬಿದ್ದವು. ಪೀರಸಾಬ ಹಿತ್ತಲ ಗೋಡೆ ಹಾರಿ ಪಾರಾದ. ಗಾಳಿಗೆ ಹೆದರದವನು ಗೂಟಕ್ಕೆ ಹೆದರಿದ. ಶಾಕೀರಾಳನ್ನು ಎತ್ತಿಕೊಂಡು ಜೀಪಿಗೆ ಹಾಕುವಾಗ ಅವಳು ಕಣ್ಣು ತೆರೆದು, "ಕೂಸು" ಅಂದಳು. ಇಮಾಮಬಿ ಮಗುವನ್ನು ಎದೆಗವಚಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಈ ಕೂಸಿನ್ನ ಆಕಿ ಕೈಯಾಗ ಕೊಡೂದು ನನ್ನ ಹೆಣದ ಮ್ಯಾಲ. ತಲಾಖ್ ತೊಗೊಂಡ ಹೋಗ್ಲಿ."

ಜೀಪು ನಿಂತಿದ್ದು ಶಿಗ್ಗಾವಿಯಲ್ಲಿ, ಮನೋರಮಾಬಾಯಿಯ ದವಾಖಾನೆಯ ಮುಂದೆ. ದವಾಖಾನೆ ಎಂದರೆ ಆಚಾರ್ಯರ ಮನೆಯ ಹೊರಪಡಸಾಲೆ. ಒಳಗೆ ತಂದೆ ಜಯತೀರ್ಥಾಚಾರ್ಯರು ಶಿಷ್ಯರಿಗೆ ಪಾಠ ಹೇಳುತ್ತಿದ್ದರೆ ಹೊರಗೆ ಮಗಳು ಹುಣ್ಣು ತೊಳೆಯುತ್ತಿದ್ದಳು. ಕೆಲವು ವರ್ಷ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಡಾಕ್ಟರಾಗಿ ದುಡಿದು ಊರಿಗೆ ಮರಳಿದ್ದ ಗಿಡ್ಡ ಹೆಂಗಸು. ಸಿಡುಕಿ ಎಂದು ಹೆಸರುವಾಸಿ. ಹೊಲಿಗೆ ಹಾಕುತ್ತ ಕೇಳಿದಳು:

"ಸಾಯಬೇಕಂತ ಕೊಯ್ಕೊಂಡ್ಯೇನು?"

"ಇಲ್ರಿ ಬಾಯಾರ. ಬಿಚ್ಚಲಿ ಅಂತ."

"ಏನು ಬಿಚ್ಚಲಿ?"

"ಛೂರಿ. ಕೈಗೆ ಕಟ್ಟಿದ್ರು."

ಸೂಜಿ ಚರ್ಮದಲ್ಲೇ ನಿಂತಿತು. ಮನೋರಮಾಬಾಯಿ ಬಾಬಾಜಾನನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಆದರೆ ಅಂದು ಶಾಕೀರಾ ಇನ್ನೊಂದು ಮಾತು ಆಡಲಿಲ್ಲ. ಹೋಗುವಾಗ ಡಾಕ್ಟರಬಾಯಿ ಎರಡು ಅಪ್ಪಣೆ ಮಾಡಿದಳು. ಎದೆಹಾಲು ಬತ್ತದಂತೆ ದಿನಾ ಹಿಂಡಿ ತೆಗೆಯಬೇಕು. ವಾರಕ್ಕೊಮ್ಮೆ ತಾಕತ್ತಿನ ಸೂಜಿಗೆ ಬರಬೇಕು. ಸೂಜಿಯೇನೋ ಇತ್ತು. ಆದರೆ ಅದು ನೆಪ. ಆ ಪಡಸಾಲೆಗೆ ತಾಕತ್ತಿನ ಸೂಜಿಗೆಂದು ಬರುವ ಹೆಂಗಸರು ಸೂಜಿ ಚುಚ್ಚಿಸಿಕೊಂಡ ಮೇಲೂ ಬಹಳ ಹೊತ್ತು ಕುಳಿತಿರುತ್ತಿದ್ದರು. ಬರೀ ಮಾತಾಡಿ ಬರಲು ಯಾವ ಮನೆಯವರು ಬಸ್ಸು ಹತ್ತಿಸುತ್ತಾರೆ?

ಮೂರನೆಯ ಸಲ ಶಾಕೀರಾ ಬಾಯಿ ಬಿಟ್ಟಳು. ತಲೆ ತಗ್ಗಿಸಿ, ಹಲ್ಲು ಕಚ್ಚಿ, ಕಂಡದ್ದನ್ನೆಲ್ಲ ಹೇಳಿದಳು. ಹೇಳಿ ಏಟಿಗೆ ಕಾಯುವವಳಂತೆ ಬೆನ್ನು ಬಾಗಿಸಿ ಕುಳಿತಳು. ಡಾಕ್ಟರಬಾಯಿ ಹತ್ತಿಯ ಉಂಡೆ ಕಟ್ಟುತ್ತಿದ್ದವಳು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಮಾಡು ಅಂತ ಯಾರರೆ ಹೇಳಿದಂಗ ಕೇಳಸ್ತದೇನು?"

"ಇಲ್ರಿ."

"ಮಾಡಿದ್ರ ಕೂಸಿಗೆ ಚಲೋ ಆಗ್ತದ ಅನಸ್ತದೇನು?"

"ಯಾ ಅಲ್ಲಾ! ಹೆಂಗ ಕೇಳ್ತೀರಿ ಹಂಗ? ಅಂಜಿಕಿ ಆಗ್ತೈತ್ರಿ, ಉಸರ ನಿಂತಂಗ ಆಗ್ತೈತಿ."

"ಹೌದು ಅಂದಿದ್ರ ಇವತ್ತ ಧಾರವಾಡದ ಹುಚ್ಚರ ದವಾಖಾನಿಗೆ ಕರಕೊಂಡ ಹೋಗ್ತಿದ್ದೆ. ಇದು ಅದಲ್ಲ. ಇದು ಬಾಣಂತಿಯರಿಗೆ ಬರೋ ಒಂದು ಬ್ಯಾನಿ. ಇಲ್ಲೇ ಕೂತು ಇದನ್ನ ಹೇಳಿದ ಮೊದಲನೇ ತಾಯಿ ನೀ ಅಲ್ಲ. ಕೂಸಿಗೆ ಏನಾದ್ರೂ ಆದೀತು ಅನ್ನೋ ಅಂಜಿಕಿನೇ ಚಿತ್ರ ಆಗಿ ಬರ್ತದ. ಬ್ಯಾಡ ಬ್ಯಾಡ ಅಂದಷ್ಟೂ ಜೋರು ಬರ್ತದ. ಎಲ್ಲಾರೂ ನಿನ್ನ ಕೈಗೆ ಛೂರಿ ಕೊಟ್ರು. ನೀ ಯಾರನ್ನ ಕೊಯ್ದಿ? ನಿನ್ನ."

ಶಾಕೀರಾ ಬೋರಾಡಿ ಅತ್ತಳು. ಒಳಗೆ ಆಚಾರ್ಯರ ಪಾಠ ನಿಂತಿತು. ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಓಣಿಗೆ ಅಳು ಕೇಳಿಸದಿರಲಿ ಎಂದು ಮುದುಕರು ದನಿ ಏರಿಸಿದ್ದರು.

ಆಮೇಲಿನದು ಗುಳಿಗೆ ಮತ್ತು ಮಾತು, ಮತ್ತು ಅವೆರಡಕ್ಕಿಂತ ಕಷ್ಟದ ಕೆಲಸ. ಆ ಚಿತ್ರವನ್ನು ಓಡಿಸದೆ ಬಾಯಿಂದ ಹೇಳಬೇಕು, ಹೇಳಿ ಹೇಳಿ ಬಾಯಿಗೆ ಬೇಸರ ಬರಬೇಕು. ಒಂದು ದಿನ ಡಾಕ್ಟರಬಾಯಿ ಅವಳ ಕೈಗೆ ಚಾಕು ಕೊಟ್ಟು, ತಾನು ಬೆನ್ನು ತಿರುಗಿಸಿ ಅವಳ ಮುಂದೆಯೇ ಕುಳಿತು ಚೀಟಿ ಬರೆಯತೊಡಗಿದಳು. ಶಾಕೀರಾ ಗಡಗಡ ನಡುಗಿದಳು. "ನಡುಗು," ಎಂದಳು ಡಾಕ್ಟರಬಾಯಿ ತಿರುಗಿ ನೋಡದೆ, "ಆದ್ರ ಕೆಳಗ ಇಡಬ್ಯಾಡ." ನಡುಕ ತಾನಾಗಿಯೇ ಇಳಿಯುವವರೆಗೆ ಇಬ್ಬರೂ ಹಾಗೇ ಕುಳಿತರು. ಮುಂದಿನ ವಾರ ಲಿಂಬೆಹಣ್ಣು ಹೆಚ್ಚಿಸಿದಳು. ಅದರ ಮುಂದಿನ ವಾರ, ಯಾರೋ ಬಾಣಂತಿಯ ಕೂಸು ಪಕ್ಕದಲ್ಲಿ ಮಲಗಿರುವಾಗ ಹೆಚ್ಚಿಸಿದಳು.

ಕೈ ಹಗುರಾಗುತ್ತ ಬಂತು. ಎದೆ ಮಾತ್ರ ಭಾರ. ದಿನಾ ಹಿಂಡಿ ನೆಲಕ್ಕೆ ಚೆಲ್ಲುವ ಹಾಲನ್ನು ನೋಡಿ ತಡಸದಲ್ಲಿ ಅವಳು ತಲೆ ಗೋಡೆಗೆ ಬಡಿದುಕೊಳ್ಳುತ್ತಿದ್ದಳು. ಬಾಬಾಜಾನ ಎರಡು ಸಲ ಸವಣೂರಿಗೆ ಹೋಗಿ, ಕಲ್ಲು ಹೊಡೆಸಿಕೊಂಡು ಬಂದಿದ್ದ.

ಕೊನೆಗೆ ಮಗುವೇ ದಾರಿ ಮಾಡಿತು. ಆಕಳ ಹಾಲು ಜೀರ್ಣವಾಗದೆ ಮಾಸೂಮಾ ಎಲುಬಿನ ಹಂದರವಾದಾಗ, ಊರಿನ ಔಷಧಕ್ಕೆ ಬಗ್ಗದಾಗ, ಇಮಾಮಬಿ ಅವಳನ್ನೆತ್ತಿಕೊಂಡು ಹೆಂಗಸರ ಡಾಕ್ಟರೆಂದು ಕೇಳಿದ್ದ ಶಿಗ್ಗಾವಿಯ ಪಡಸಾಲೆಗೇ ಬಂದಳು. ಅಂದು ಶಾಕೀರಾಳ ಸೂಜಿಯ ದಿನ. ಸೊಸೆಯನ್ನು ಕಂಡದ್ದೇ ತಡ, ಇಮಾಮಬಿ ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಿಂದ ಅವಳ ಜಡೆ ಎಳೆದು ತಲೆಯನ್ನು ಕಂಬಕ್ಕೆ ಬಡಿದಳು. ಬಿಡಿಸಲು ಬಂದ ಡಾಕ್ಟರಬಾಯಿಯ ಮುಖ ಪರಚಿದಳು. ಡಾಕ್ಟರಬಾಯಿಯೂ ಕಡಿಮೆಯಲ್ಲ, ಆ ಕೈಯನ್ನು ತಿರುಚಿ ಗೋಡೆಗೆ ಒತ್ತಿ ಹಿಡಿದಳು.

"ಬಡೀರಿ! ಬಡದು ಮುಗಿಸ್ರಿ! ಸಂಜೀಕ ಈ ಕೂಸೂ ಮುಗೀತದ. ಇದಕ್ಕ ಬೇಕಾದ ಹಾಲು ಇಲ್ಲೇ ಈ ಹುಡುಗಿ ಎದಿಯೊಳಗ ಅದ. ಕುಡಸ್ತೀರೋ, ಮಣ್ಣು ಮಾಡ್ತೀರೋ?"

"ಕೊಯ್ದರ?"

"ನಾ ಇಲ್ಲೇ ಕೂಡ್ತೇನಿ, ನೀವೂ ಕೂಡ್ರಿ. ಛೂರಿ ಇಟ್ಟಾವ್ರು ನೀವು. ಕಟ್ಟಿಸಿದಾವ್ರು ನೀವು. ಆಕಿ ಬೆನ್ನು ನೋಡ್ರಿ, ಕೈ ನೋಡ್ರಿ. ಇಡೀ ಮನಿಯೊಳಗ ಆ ಕೂಸಿಗೆ ಪೆಟ್ಟು ಬೀಳದಂಗ ನೋಡಿದಾಕಿ ಈಕಿ ಒಬ್ಬಾಕಿನೇ."

ಇಮಾಮಬಿಯ ಹಿಡಿತ ಸಡಿಲವಾಯಿತು. ಶಾಕೀರಾ ಹಣೆಯ ರಕ್ತ ಒರೆಸಿಕೊಂಡು ಕೈ ಚಾಚಿದಳು. ಮಗು ಮೊದಲು ಬಾಯಿ ತೆರೆಯಲಿಲ್ಲ, ಆಮೇಲೆ ಕಚ್ಚಿಕೊಂಡಿತು. ಇಮಾಮಬಿ ಕಣ್ಣು ಮಿಟುಕಿಸದೆ ಸೊಸೆಯ ಕೈಗಳನ್ನೇ ನೋಡುತ್ತ ಕುಳಿತಳು. ಅವಳ ಕಣ್ಣಲ್ಲಿ ಬರೀ ಸಿಟ್ಟಿರಲಿಲ್ಲ. ಇನ್ನೇನೋ ಇತ್ತು, ಅದು ಏನೆಂದು ಅಂದು ಯಾರಿಗೂ ತಿಳಿಯಲಿಲ್ಲ.

ತಲಾಖಿನ ಮಾತು ಅಲ್ಲಿಗೇ ಬಿತ್ತು, ಶಾಕೀರಾ ಸವಣೂರಿನ ಮನೆಗೆ ಮರಳಿದಳು. ಮುಂದೆ ಅತ್ತೆ ಸೊಸೆ ಜತೆಯಾಗಿಯೇ ಪಡಸಾಲೆಗೆ ಬರತೊಡಗಿದರು. ಕಾವಲಿಗೆಂದು ಇಮಾಮಬಿ ಹೇಳುತ್ತಿದ್ದಳು. ಛೂರಿ ಅಡಿಗೆಮನೆಗೆ ಹೋಯಿತು. ಹಯಾತನನ್ನೂ ಒಂದು ದಿನ ಕರೆಸಿ, ಡಾಕ್ಟರಬಾಯಿ ಅವನಿಗೆ ಹೆಂಡತಿಯ ಬೆನ್ನ ಮೇಲೆ ಉಳಿದ ಕಲೆಗಳಿಗೆ ಮುಲಾಮು ಹಚ್ಚಲು ಹೇಳಿದಳು. ಅವನು ಹಚ್ಚುತ್ತ ಹಚ್ಚುತ್ತ, ತನ್ನ ಬೆರಳಿನಷ್ಟೇ ಅಗಲದ ಕಲೆಯೊಂದರ ಮೇಲೆ ಕೈ ನಿಲ್ಲಿಸಿ ಅತ್ತನಂತೆ. ಶಾಕೀರಾ ಅವನನ್ನು ಸಮಾಧಾನ ಮಾಡಲಿಲ್ಲ. ಅದು ನನಗೆ ಬಹಳ ಸೇರಿತು. ಎಂಬತ್ತರ ದಶಕದಲ್ಲಿ ಅವಳು ಇನ್ನೊಂದು ಮಗು ಹೆತ್ತಳು, ಸವಣೂರಿನ, ಬಂಕಾಪುರದ ಎಷ್ಟೋ ಬಾಣಂತಿಯರನ್ನು ತಾನೇ ಬಸ್ಸು ಹತ್ತಿಸಿ ಶಿಗ್ಗಾವಿಗೆ ಕರೆದೊಯ್ದಳು. ತಡೆಯಲು ಬಂದ ಗಂಡಸರಿಗೆ ಎಡಗೈ ಮೇಲಿನ ಸೆರಗು ಸರಿಸಿ ಕಲೆ ತೋರಿಸುತ್ತಿದ್ದಳು.

ಅದಕ್ಕೆಲ್ಲ ಮೊದಲು ಒಂದು ಮಧ್ಯಾಹ್ನ ನಡೆದದ್ದನ್ನು ಹೇಳಬೇಕು. ಮಾಸೂಮಾ ಅಂಬೆಗಾಲಿಡುತ್ತಿದ್ದ ದಿನಗಳು. ಅಲ್ಲಿಯವರೆಗೆ ಶಾಕೀರಾಳನ್ನು ಮಗುವಿನೊಡನೆ ಒಬ್ಬಳೇ ಬಿಟ್ಟದ್ದಿಲ್ಲ. ಅಂದು ಇಮಾಮಬಿ ಬುರ್ಖಾ ಹಾಕಿಕೊಂಡು, "ತೋಟದ ಕಡೆ ಹೋಗಿ ಬರ್ತೇನಿ" ಎಂದವಳೇ ಬಾಗಿಲು ಎಳೆದುಕೊಂಡು ಹೋದಳು.

ಶಾಕೀರಾ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮಗು ಅಂಬೆಗಾಲಿನಲ್ಲಿ ಬಂದು ಅವಳ ಮೊಣಕಾಲು ಹಿಡಿದು ಎದ್ದು ನಿಂತಿತು, ಕುತ್ತಿಗೆ ಚಾಚಿ ನಕ್ಕಿತು. ಚಿತ್ರ ಬಂತು. ಬಹಳ ದಿನಗಳ ಮೇಲೆ, ಮೊದಲಿನಷ್ಟೇ ಕೆಂಪಾಗಿ, ಗೋಡೆಗೆ ಚಿಮ್ಮುವಷ್ಟು ಜೋರಾಗಿ ಬಂತು. ಕೈಯಿಂದ ಚಾಕು ಕೆಳಗಿಡಬೇಕೆನಿಸಿತು, ಇಡಲಿಲ್ಲ.

"ಬಂದ್ಯಾ?" ಎಂದಳು ಆ ಚಿತ್ರಕ್ಕೆ, ಗಟ್ಟಿಯಾಗಿ. "ಬಾ, ಕುಂಡ್ರು. ನನಗ ಕೆಲಸ ಐತಿ."

ಉಳ್ಳಾಗಡ್ಡಿ ಪೂರ್ತಿ ಹೆಚ್ಚಿ ಮುಗಿಸಿದಳು. ಕೈ ತೊಳೆದು ಮಗುವನ್ನೆತ್ತಿಕೊಂಡು ಹಾಲು ಕುಡಿಸಲು ಕುಳಿತಳು. ಆಗ ಬಾಗಿಲು ತೆರೆಯಿತು. ಇಮಾಮಬಿ ತೋಟಕ್ಕೆ ಹೋಗಿರಲೇ ಇಲ್ಲ. ಹೊರಗಿನ ಕಟ್ಟೆಯ ಮೇಲೆ ಬಿಸಿಲಲ್ಲೇ ಕುಳಿತಿದ್ದಳು. ಮುಖವೆಲ್ಲ ಬೆವರು.

"ಬಂದಿತ್ತೇನು?"

"ಬಂದಿತ್ತ್ರಿ ಅಮ್ಮಾ."

"ಮತ್ತ?"

"ಹೋತ್ರಿ."

ಇಮಾಮಬಿ ಬುರ್ಖಾ ಕೂಡ ತೆಗೆಯದೆ ಗೋಡೆಗೆ ಒರಗಿ ಕುಸಿದು ಕುಳಿತಳು.

"ನನಗ ಬಾಂವಿ ಕಾಣತಿತ್ತು," ಎಂದಳು.

ಶಾಕೀರಾ ಅತ್ತೆಯ ಮುಖ ನೋಡಿದಳು.

"ಹಿತ್ತಲದಾಗಿನ ಬಾಂವಿ. ಹಯಾತ ತೊಡಿ ಮ್ಯಾಲ ಇರತಿದ್ದ. ಒಗದಂಗ ಕಾಣತಿತ್ತು, ಮುಳಗಿದ ಸಪ್ಪಳಾನೂ ಕೇಳತಿತ್ತು. ಆಗ ನಾ ನಿನಗಿಂತ ಸಣ್ಣಾಕಿ. ಯಾರಿಗೂ ಹೇಳ್ಲಿಲ್ಲ. ಇನ್ನೊಂದ ಕೂಸ ಬ್ಯಾಡ ಅಂತ ಎಷ್ಟ ಔಷಧ ಕುಡದೇನಿ ಗೊತ್ತೈತೇನು?"

"ಈಗೂ ಕಾಣತೈತೇನ್ರಿ?"

"ಅಂವಾ ಮೀಸಿ ಬಿಟ್ಟ ಗಂಡಸ ಆಗ್ಯಾನ," ಎಂದಳು ಇಮಾಮಬಿ. "ಆದ್ರೂ ಅಂವಾ ಹಿತ್ತಲಕ್ಕ ಹೋದ್ರ ಇವತ್ತಿಗೂ ನಾ ಹೊರಗ ಬರೂದಿಲ್ಲ."

ಶಾಕೀರಾ ಮಗುವನ್ನು ಎದೆಯಿಂದ ಬಿಡಿಸಿ ಅತ್ತೆಯ ತೊಡೆಯ ಮೇಲೆ ಕೂಡಿಸಿದಳು. ಇಮಾಮಬಿಯ ಕೈಗಳು ಮಗುವನ್ನು ಮುಟ್ಟದೆ ಗಾಳಿಯಲ್ಲೇ ನಿಂತವು.

"ಹಿಡೀರಿ ಅಮ್ಮಾ," ಎಂದಳು ಶಾಕೀರಾ. "ನಡುಗಿದ್ರ ನಡುಗ್ಲಿ, ಹಿಡೀರಿ."